ಬಸರಿಮರದ ಕೆಳಗೆ ಒಂದು ಸಂಜೆ



ಹೂಮಳೆಯಾಗಿ 9ನೇ ದಿನ. ಕಾಫಿ ತೋಟವೆಲ್ಲ ಬೆಳ್ಳಗಿತ್ತು. ಸಂಘದ ಕೆಲಸ ಮುಗಿಸಿ, ಕೆರೆಯಂಚಿನ ಬಸರಿಮರ ಕಡಿಸಿ ಸಿಲ್ವರ್ ಓಕ್ ನೆಡಿಸೋಣವೆಂದು ಸುಣ್ಣದ ಗುರುತು ಹಾಕಲು ಹೋದೆ. ಮರ ಹಣ್ಣಾಗಿತ್ತು. ಕುಟ್ರ, ಪಿಕಳಾರ, ಹಸಿರು ಪಾರಿವಾಳಗಳು ಮುತ್ತಿದ್ದವು. ಅಷ್ಟರಲ್ಲಿ ಗಂಡು ಮಂಗಟ್ಟೆಯೊಂದು ಬಂದು, ಗಂಟಲ ತುಂಬ ಹಣ್ಣು ತುಂಬಿಕೊಂಡು ಪಕ್ಕದ ನಂದಿಮರಕ್ಕೆ ಹಾರಿತು. ಅಲ್ಲಿನ ಪೊಟರೆಯ ಬಾಯಿ ಮೆತ್ತಿ ಮುಚ್ಚಿತ್ತು. ನಡುವೆ ಕಿರುಸೀಳು ಮಾತ್ರ. ಒಳಗೆ ಮರಿಗಳಿಗಾಗಿ ತಾನೇ ಸೆರೆಯಾದ ಹೆಣ್ಣು ಕೊಕ್ಕು ಚಾಚಿತು. ಗಂಡು ಒಂದೊಂದೇ ಹಣ್ಣು ಕಕ್ಕಿ ಕೊಟ್ಟಿತು.

ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೂ ಒದಗುತ್ತದೆ, ನಿಜ. ಆದರೆ ಹಕ್ಕಿ ತಿನ್ನುವ ಹಣ್ಣು ಅದರಲ್ಲಿಲ್ಲ. ಸುಣ್ಣದ ಡಬ್ಬಿ ಹಾಗೆಯೇ ಮನೆಗೆ ಬಂತು. ಮರ ಕಡಿಸುವ ಮುನ್ನ ತಾವೂ ಒಂದು ಸಂಜೆ ಅದರ ಕೆಳಗೆ ನಿಂತು ನೋಡಬೇಕೆಂದು ವಿನಂತಿ.

— ಕಾರ್ಯದರ್ಶಿ