ಎಂಟಕ್ಕೆ ಎಂಟು!

ವಿಂಟರ್ ಒಲಿಂಪಿಕ್ಸ್‌ನ ಕರ್ಲಿಂಗ್ ಮೊದಲ ಸಲ ನೋಡಿದಾಗ ನಾವೂ ನಕ್ಕಿದ್ವಿ. ಐಸ್ ಮೇಲೆ ಒಬ್ಬರು ಕಲ್ಲು ಜಾರಿಸ್ತಾರೆ, ಇಬ್ಬರು ಅದರ ಮುಂದೆ ಗುಡಿಸ್ತಾ ಓಡ್ತಾರೆ. ಇದೂ ಒಂದು ಆಟಾನಾ ಅಂತ! ನಗು ನಿಂತಿದ್ದು ‘ಏಟ್ ಎಂಡರ್’ ಬಗ್ಗೆ ತಿಳಿದ ಮೇಲೆ.

ಮೊದಲು ಆಟ ನೋಡೋಣ. ತಂಡಕ್ಕೆ 4 ಜನ, ಒಬ್ಬೊಬ್ಬರಿಗೆ 2 ಕಲ್ಲು. ಸುಮಾರು 19 ಕೆಜಿಯ ಗ್ರಾನೈಟ್ ಕಲ್ಲು. ಎರಡೂ ತಂಡದವರು ಸರದಿಯಂತೆ ಬಿಡ್ತಾರೆ. ಆ ತುದಿಯಲ್ಲಿ 12 ಅಡಿ ಅಗಲದ ವೃತ್ತ ಇರುತ್ತೆ, ಅದೇ ‘ಹೌಸ್’. 16 ಕಲ್ಲೂ ಮುಗಿದರೆ ಒಂದು ‘ಎಂಡ್’. ಒಲಿಂಪಿಕ್ಸ್‌ನ ತಂಡಗಳ ಪಂದ್ಯದಲ್ಲಿ ಇಂಥ 10 ಎಂಡ್.

ಒಂದು ಎಂಡ್‌ನಲ್ಲಿ ಅಂಕ ಒಂದೇ ತಂಡಕ್ಕೆ. ಎದುರಾಳಿಯ ಅತಿ ಹತ್ತಿರದ ಕಲ್ಲಿಗಿಂತಲೂ ಕೇಂದ್ರಕ್ಕೆ ಹತ್ತಿರವಾಗಿ, ಹೌಸ್‌ನೊಳಗೆ ನಮ್ಮ ಎಷ್ಟು ಕಲ್ಲು ಇವೆಯೋ ಅಷ್ಟು ಅಂಕ. ಎಂಟೂ ಎಣಿಕೆಗೆ ಬಂದರೆ ಏಟ್ ಎಂಡರ್. ಎಷ್ಟೋ ವರ್ಷ ಆಡಿದವರಿಗೂ ಇದು ಒಮ್ಮೆಯೂ ಸಿಗದೇ ಇರಬಹುದು.

ಯಾಕಿಷ್ಟು ಅಪರೂಪ? ಕ್ಯಾಲ್ಕುಲೇಟರ್ ತೆಗೆದ್ವಿ. ಒಂದು ಕಲ್ಲು ಹೌಸ್‌ನಲ್ಲಿ ನಿಲ್ಲೋ ಸಂಭವನೀಯತೆ 0.9 ಅಂತಿಟ್ಟುಕೊಳ್ಳಿ. ಎಂಟೂ ನಿಲ್ಲೋದು 0.9ರ 8ನೇ ಘಾತ, ಅಂದರೆ ಸುಮಾರು 0.43. ಹಾಗಾದ್ರೆ 10 ಎಂಡ್‌ನಲ್ಲಿ ನಾಲ್ಕು ಸಲ ಬರಬೇಕಲ್ವಾ? ಬರಲ್ಲ. ನಮ್ಮ ಲೆಕ್ಕದಲ್ಲಿ ಎದುರಾಳಿಯೇ ಇರಲಿಲ್ಲ!

ಅವರ ಹತ್ತಿರವೂ 8 ಕಲ್ಲು ಇವೆ. ಅದರಿಂದ ನಮ್ಮ ಕಲ್ಲುಗಳನ್ನ ಹೊಡೆದು ಆಚೆ ಹಾಕ್ತಾರೆ. ಇಲ್ಲಾ, ಒಂದನ್ನ ಕೇಂದ್ರದಲ್ಲಿ ಕೂರಿಸ್ತಾರೆ. ಅದನ್ನ ನಾವು ತೆಗೀಬಹುದು, ಆದರೆ ಹೊಡೆದ ನಮ್ಮ ಕಲ್ಲೂ ಹೌಸ್‌ನಲ್ಲೇ ನಿಲ್ಲಬೇಕು. ಜಾರಿ ಹೊರಗೆ ಹೋದರೆ ಏಳೇ ಗತಿ. ಅದಕ್ಕೇ ಸಮಬಲದ ತಂಡಗಳ ನಡುವೆ ಎಂಟು ಬೀಳೋದು ತೀರಾ ಕಷ್ಟ. ನಾವು ಚೆನ್ನಾಗಿ ಆಡಿದರೆ ಸಾಲದು, ಅವರು ಎಡವಲೂ ಬೇಕು.

ಈ ಆಟದವರಿಗೆ ಅದು ಗೊತ್ತು. ದೊಡ್ಡ ಟೂರ್ನಿಗಳಲ್ಲಿ ಪ್ರತಿ ಎಸೆತಕ್ಕೂ 0ಯಿಂದ 4ರವರೆಗೆ ಬೇರೆಯೇ ಅಂಕ ಕೊಟ್ಟು ಆಟಗಾರರ ಶೇಕಡಾವಾರು ತೆಗೀತಾರೆ. 100 ಬಂದವರ ತಂಡವೂ ಸೋಲಬಹುದು. ‘ಔಟ್ ಆಫ್ ಔಟ್’ ಬರದಿದ್ದರೆ ನಮ್ಮದೇ ತಪ್ಪು ಅಂತ ಶಾಲೆಯಿಂದ ನಂಬಿಕೊಂಡು ಬಂದ ನಮಗೆ ಇದು ಹೊಸದು. ಸ್ಕೋರ್ ಬೇರೆ, ಆಡಿದ ರೀತಿ ಬೇರೆ.

ಇನ್ನೊಂದು ಮಾತು. ಪಂದ್ಯ ಮುಗಿದ ಮೇಲೆ ಗೆದ್ದವರೇ ಸೋತವರಿಗೆ ಕುಡಿಯೋಕೆ ಕೊಡಿಸೋದು ಕರ್ಲಿಂಗ್‌ನ ಹಳೇ ಪದ್ಧತಿ. ಏಟ್ ಎಂಡರ್ ಹೊಡೆದವರಂತೂ ಕೊಡಿಸಲೇಬೇಕು ಬಿಡಿ!