ಪದವಿಯಾದ ಮೇಲೆ ಯಾವ ಊರು?

ಪದವಿ ಪರೀಕ್ಷೆಯ ಫಲಿತಾಂಶ ಬಂದ ವಾರದಲ್ಲಿ ನಮ್ಮ ಸಣ್ಣ ಊರುಗಳ ಎಷ್ಟೋ ಮನೆಗಳಲ್ಲಿ ಒಂದೇ ಬಗೆಯ ಮಾತು ನಡೆಯುತ್ತದೆ. ಮಗನಿಗೋ ಮಗಳಿಗೋ ಊರಿನಲ್ಲಿ ತಕ್ಕ ಕೆಲಸವಿಲ್ಲ, ಹೊರಗೆ ಹೋಗಲೇಬೇಕು. ಹೋಗುವುದು ಎಲ್ಲಿಗೆ? ಬೆಂಗಳೂರಿಗೋ, ಮೈಸೂರಿಗೋ, ಮಂಗಳೂರಿಗೋ, ಹುಬ್ಬಳ್ಳಿಗೋ, ಗಡಿ ದಾಟಿ ಪುಣೆಗೋ? ಸೋದರಮಾವ ಒಂದು ಹೇಳಿದರೆ ಪಕ್ಕದ ಮನೆಯವರು ಇನ್ನೊಂದು ಹೇಳುತ್ತಾರೆ. ಕೊನೆಗೆ, ಎಲ್ಲಿ ಸಂಬಳ ಹೆಚ್ಚೋ ಅಲ್ಲಿಗೆ ಎಂದು ತೀರ್ಮಾನವಾಗುತ್ತದೆ. ಈ ತೀರ್ಮಾನ ತಪ್ಪೆಂದು ನಾನು ಹೇಳಲಾರೆ. ಅವಸರದ್ದೆಂದು ಮಾತ್ರ ಹೇಳಬಲ್ಲೆ. ಕೈಗೆ ಬರುವ ಹಣ ಬೇರೆ, ಕೈಯಲ್ಲಿ ಉಳಿಯುವ ಹಣ ಬೇರೆ. ಅದಕ್ಕಿಂತಲೂ ಮುಖ್ಯವಾದ ಪ್ರಶ್ನೆಯೊಂದುಂಟು: ಈಗ ಸಿಕ್ಕಿರುವ ಕೆಲಸ ನಾಳೆ ತಪ್ಪಿದರೆ, ಅದೇ ಊರಿನಲ್ಲಿ ಎರಡನೆಯದು ಸಿಕ್ಕೀತೆ?

ಮೊದಲು ಈ ಪ್ರಶ್ನೆಯನ್ನೇ ಎತ್ತಿಕೊಳ್ಳೋಣ. ಕೋಲಾರದ ಚಿನ್ನದ ಗಣಿಯ ಊರನ್ನು ನೋಡಿ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹರಿದದ್ದು ಆ ಗಣಿಗಳಿಗೆ. ಬೆಂಗಳೂರಿಗೆ ಅದು ಬಂದದ್ದು 1905ರಲ್ಲಿ. ಅಂದು ಓದು ಮುಗಿಸಿದ ತರುಣನೊಬ್ಬ ಎರಡು ಊರುಗಳನ್ನೂ ತೂಗಿ ನೋಡಿದ್ದರೆ ಗಣಿಯ ಊರೇ ಮುಂದುವರಿದದ್ದೆಂದು ಅವನಿಗೆ ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ ಅಲ್ಲಿ ಅನ್ನ ಕೊಡುವ ಕೈ ಒಂದೇ ಆಗಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಲ್ಲಿಯ ಸಾವಿರಾರು ಜನ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ, ದುಡಿದು, ಕತ್ತಲಾದ ಮೇಲೆ ಮನೆ ಸೇರುವವರಾದರು.

ಬೆಂಗಳೂರಿನ ಕಥೆ ಬೇರೆ. 1909ರಲ್ಲಿ ವಿಜ್ಞಾನಮಂದಿರ, 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್, ಹೀಗೆ ಒಂದರ ಬೆನ್ನಿಗೆ ಒಂದು ಬಂದುವು. ಪುಣೆಯಲ್ಲಿ 1981ರಲ್ಲಿ ಹುಟ್ಟಿದ ಇನ್ಫೋಸಿಸ್ 1983ರಲ್ಲಿ ಇಲ್ಲಿಗೇ ಬಂದಿತು. ಎಚ್.ಎಂ.ಟಿ.ಯ ಕೈಗಡಿಯಾರ ನಿಂತುಹೋದಾಗ ನೊಂದವರು ಬಹಳ. ಆದರೆ ಊರು ನಿಲ್ಲಲಿಲ್ಲ. ಒಂದೇ ಕಸುಬಿನ ಹತ್ತು ಬಾಗಿಲುಗಳಿರುವ ಊರಿನಲ್ಲಿ ಒಂದು ಮುಚ್ಚಿದರೆ ಇನ್ನೊಂದನ್ನು ತಟ್ಟಬಹುದು.

ಹಾಗೆಂದು ಎಲ್ಲ ವಿದ್ಯೆಗೂ ಬೆಂಗಳೂರೇ ಆಗಬೇಕಾಗಿಲ್ಲ. ಆಹಾರವಿಜ್ಞಾನ ಓದಿದವರು 1950ರಿಂದ ಕೇಂದ್ರ ಸಂಶೋಧನಾಲಯವಿರುವ ಮೈಸೂರನ್ನೂ, ಹಡಗು, ತೈಲ, ರಸಾಯನಗಳ ಕಡೆಯವರು ಮಂಗಳೂರನ್ನೂ ಮೊದಲು ನೋಡಬೇಕು. ಬಿ.ಎಡ್. ಮಾಡಿದವರಿಗೂ ದಾದಿಯರ ತರಬೇತಿ ಪಡೆದವರಿಗೂ ಯಾವ ಜಿಲ್ಲಾ ಕೇಂದ್ರವಾದರೂ ಆದೀತು. ಇನ್ನು ಸರ್ಕಾರಿ ನೌಕರಿಯಾದರೋ, ಊರನ್ನು ನೀವು ಆರಿಸುವುದಿಲ್ಲ, ಊರೇ ನಿಮ್ಮನ್ನು ಆರಿಸುತ್ತದೆ!

ಈಗ ಹಣದ ಲೆಕ್ಕ. ಊರು ಬದಲಾದರೆ ಬಾಡಿಗೆ ಎಷ್ಟು ಬದಲಾಗುತ್ತದೆಂಬುದನ್ನು ಸರ್ಕಾರವೇ ಒಪ್ಪಿಕೊಂಡಿದೆ. ಏಳನೆಯ ವೇತನ ಆಯೋಗದ ತರುವಾಯ, 2017ರಲ್ಲಿ, ಕೇಂದ್ರ ನೌಕರರಿಗೆ ಮನೆಬಾಡಿಗೆ ಭತ್ಯವನ್ನು ಗೊತ್ತುಮಾಡಿದಾಗ ಬೆಂಗಳೂರು, ಪುಣೆ, ಹೈದರಾಬಾದುಗಳಂಥ ಎಂಟು ಮಹಾನಗರಗಳಿಗೆ ಮೂಲವೇತನದ ನೂರಕ್ಕೆ 24, ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡಗಳ ವರ್ಗಕ್ಕೆ 16, ಉಳಿದ ಊರುಗಳಿಗೆ 8 ಎಂದು ಇಟ್ಟರು. ಖಾಸಗಿ ಕಚೇರಿಗಳು ಈ ವ್ಯತ್ಯಾಸವನ್ನು ಬಿಡಿಸಿ ಹೇಳುವುದಿಲ್ಲ, ನೀವೇ ಬಿಡಿಸಿಕೊಳ್ಳಬೇಕು. ಉದಾಹರಣೆಗೆ, ಬೆಂಗಳೂರಿನಲ್ಲಿ 30,000 ರೂಪಾಯಿ ಸಂಬಳವೆನ್ನಿ. ಬಾಡಿಗೆ 11,000, ಊಟ-ತಿಂಡಿ 7,000, ಓಡಾಟ 3,000 ಕಳೆದರೆ ಉಳಿಯುವುದು 9,000. ಮೈಸೂರಿನಲ್ಲಿ 23,000 ಎನ್ನಿ. ಬಾಡಿಗೆ 6,000, ಊಟ 5,500, ಓಡಾಟ 1,500 ಹೋಗಿ ಉಳಿಯುವುದು 10,000. ಈ ಅಂಕಿಗಳು ಲೆಕ್ಕದ ರೀತಿ ತೋರಿಸಲು ನಾನು ಹಾಕಿದವು. ನಿಮ್ಮ ಅಂಕಿಗಳನ್ನು ಹಾಕಿ ನೀವೇ ಕೂಡಿ ಕಳೆಯಿರಿ.

ಹಣದಂತೆ ಹೊತ್ತಿಗೂ ಲೆಕ್ಕವುಂಟು. ಮನೆಯಿಂದ ಕಚೇರಿಗೆ ಒಂದೂವರೆ ಗಂಟೆ, ಹಿಂದಿರುಗಲು ಒಂದೂವರೆ ಗಂಟೆ. ತಿಂಗಳಿಗೆ 25 ದಿನವೆಂದರೆ 75 ಗಂಟೆ, ಅಂದರೆ ಮೂರು ಹಗಲು ಮೂರು ರಾತ್ರಿಗಿಂತ ಹೆಚ್ಚು, ಬಸ್ಸಿನಲ್ಲೇ ಕಳೆಯಿತು. ಮುಂದೆ ಓದಬೇಕು, ಪರೀಕ್ಷೆಗೆ ಕೂಡಬೇಕು ಎಂದು ಹೊರಟವರಿಗೆ ಇದಕ್ಕಿಂತ ದೊಡ್ಡ ನಷ್ಟವಿಲ್ಲ. ಬೆಂಗಳೂರಿಗೆ 2011ರಲ್ಲಿ ಬಂದ ಮೆಟ್ರೋ ರೈಲು ಅದರ ನಿಲ್ದಾಣದ ಹತ್ತಿರವಿರುವವರಿಗೆ ಉಪಕಾರಿ. ದೂರದವರಿಗೆ ಅದು ದೂರದ ಬೆಟ್ಟವೇ.

ವಾಸಕ್ಕೆ ಯೋಗ್ಯವಾದ ಊರನ್ನು ಹೇಳುವಾಗ ನಮ್ಮ ಹಳೆಯ ನೀತಿಕಾರರು ನದಿಯನ್ನೂ ವೈದ್ಯನನ್ನೂ ಮರೆಯಲಿಲ್ಲ. ಇಂದಿನ ತರುಣರು ಮರೆಯುವುದು ನದಿಯನ್ನು. ಬೆಂಗಳೂರು ನದಿಯಿಲ್ಲದ ನಗರ. ಅದು ಕುಡಿಯುವ ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ ಪಂಪುಗಳ ಬಲದಿಂದ ಮೇಲೇರಿ ಬರುತ್ತದೆ. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಹೊರವಲಯದ ಬಡಾವಣೆಗಳವರು ಟ್ಯಾಂಕರ್ ದಾರಿ ಕಾಯಬೇಕಾಯಿತು. ಕಾವೇರಿ ಐದನೆಯ ಹಂತದ ಯೋಜನೆಗೆ ಚಾಲನೆ ದೊರೆತದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಮದರಾಸಿನ ಕಡೆ ಹೊರಟವರು 2019ನ್ನು ನೆನೆಯಬೇಕು. ಆ ವರ್ಷ ಚೆನ್ನೈನ ಜಲಾಶಯಗಳು ಒಣಗಿ, ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ತರಿಸಿದರು. ಆದುದರಿಂದ ಮನೆ ನೋಡಲು ಹೋದಾಗ ಕಿಟಕಿ, ಗಾಳಿ, ಬೆಳಕುಗಳಿಗಿಂತ ಮುಂಚೆ ‘ನಲ್ಲಿಯಲ್ಲಿ ಎಷ್ಟು ದಿನಕ್ಕೊಮ್ಮೆ ನೀರು?’ ಎಂದು ಕೇಳಿರಿ. ಮನೆಯ ಯಜಮಾನರನ್ನಲ್ಲ, ಪಕ್ಕದ ಮನೆಯವರನ್ನು ಕೇಳಿರಿ.

ಭಾಷೆಯ ವಿಚಾರಕ್ಕೆ ಬಹಳ ಹೆದರಬೇಕಾಗಿಲ್ಲ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗೆ ಹೋಗಿ ಓದಿದ ಕರಾವಳಿಯ ಹುಡುಗರು ಮುಂಬಯಿಯಲ್ಲಿ ಬೇರೂರಿದರು. ಮಾಟುಂಗದ ಮೈಸೂರು ಅಸೋಸಿಯೇಷನ್ನಿನಂಥ ಸಂಘಗಳು ಅಲ್ಲಿ ಬೆಳೆದವು. ಅಂಥ ಸಂಘವಿರುವ ಊರಿನಲ್ಲಿ ಜ್ವರ ಬಂದಾಗ ಗಂಜಿ ಕೊಡುವವರು ಸಿಗುತ್ತಾರೆ. ಹೋದ ಊರಿನ ಭಾಷೆಯನ್ನು ಆರು ತಿಂಗಳಲ್ಲಿ ಕಲಿಯುವೆನೆಂಬ ಹಟ ನಿಮಗಿರಲಿ, ಸಾಕು.

ಮಗಳನ್ನು ಕಳಿಸುವ ತಂದೆತಾಯಿಗಳು ಊರಿನ ಹೆಸರು ಕೇಳಿ ಅಂಜುವುದಕ್ಕಿಂತ, ರಾತ್ರಿ ಒಂಬತ್ತಕ್ಕೆ ಅವಳು ಎಲ್ಲಿರುತ್ತಾಳೆ, ಬಸ್ ಇಳಿದು ಎಷ್ಟು ದೂರ ನಡೆಯಬೇಕು ಎಂಬುದನ್ನು ಒಮ್ಮೆ ಜೊತೆಯಲ್ಲೇ ನಡೆದು ನೋಡುವುದು ಲೇಸು. ಕರ್ನಾಟಕದೊಳಗಾದರೆ 2023ರ ಜೂನಿನಲ್ಲಿ ಬಂದ ಶಕ್ತಿ ಯೋಜನೆಯಿಂದ ಸಾಮಾನ್ಯ ಸರ್ಕಾರಿ ಬಸ್ಸಿನ ಟಿಕೆಟ್ಟಿನ ಹಣವೂ ಅವಳಿಗೆ ಉಳಿಯುತ್ತದೆ. ಮೇಲಿನ ಲೆಕ್ಕದಲ್ಲಿ ಇದನ್ನೂ ಸೇರಿಸಿಕೊಳ್ಳಿ.

ಹೋದ ದಿನವೇ ಮನೆ ಹಿಡಿಯಬೇಡಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಾಯಿಯ ಸರ ಅಡವಿಟ್ಟು ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೊಟ್ಟ. ನಾಲ್ಕನೆಯ ತಿಂಗಳಲ್ಲಿ ಅವನ ಕಚೇರಿ ಊರಿನ ಇನ್ನೊಂದು ತುದಿಗೆ ಹೋಯಿತು. ಸರ ಬಿಡಿಸಲು ಅವನಿಗೆ ಎರಡು ವರ್ಷ ಹಿಡಿಯಿತು. ಮೊದಲ ಎರಡು ತಿಂಗಳು ಪಿ.ಜಿ.ಯಲ್ಲೋ ಹಾಸ್ಟೆಲಿನಲ್ಲೋ ಇದ್ದು, ಕೆಲಸ ಕುದುರಿದ ಮೇಲೆ ಮನೆ ನೋಡಿ. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಕೂಡದೆಂದಿದೆ. ಮಾದರಿ ಎಂದರೆ ಮಾದರಿಯೇ, ಒಡೆಯರನ್ನು ಅದು ತಾನಾಗಿ ಕಟ್ಟಿಹಾಕದು. ಆದರೆ ಚೌಕಾಸಿ ಮಾಡುವಾಗ ಹೇಳಲು ಒಂದು ಮಾತಾಯಿತು. ಕರಾರುಪತ್ರವನ್ನು ಸಾಮಾನ್ಯವಾಗಿ ಹನ್ನೊಂದು ತಿಂಗಳಿಗೆ ಬರೆಯುತ್ತಾರೆ, ಏಕೆಂದರೆ ವರ್ಷ ಮೀರಿದ ಗುತ್ತಿಗೆಯನ್ನು 1908ರ ಕಾಯಿದೆಯಂತೆ ನೋಂದಾಯಿಸಬೇಕು. ಪುಣೆ, ಮುಂಬಯಿಗಳಲ್ಲಿ 1999ರ ಮಹಾರಾಷ್ಟ್ರ ಕಾಯಿದೆಯ ಪ್ರಕಾರ ಹನ್ನೊಂದು ತಿಂಗಳದ್ದನ್ನೂ ನೋಂದಾಯಿಸಲೇಬೇಕು. ಎಲ್ಲಿಯೇ ಆಗಲಿ, ಸಹಿ ಹಾಕುವ ಮೊದಲು, ಮನೆ ಬಿಡುವಾಗ ಸುಣ್ಣಬಣ್ಣದ ಬಾಬ್ತು ಎಷ್ಟು ಹಿಡಿಯುತ್ತಾರೆ, ಉಳಿದ ಅಡ್ವಾನ್ಸನ್ನು ಎಷ್ಟು ದಿನದೊಳಗೆ ಹಿಂದಿರುಗಿಸುತ್ತಾರೆ ಎಂಬ ಎರಡು ಸಾಲುಗಳನ್ನು ಅದರಲ್ಲಿ ಬರೆಯಿಸಿಕೊಳ್ಳಿ.