ಬಿಸಿಲ ನಾಡಿನಲ್ಲಿ ಗೇಮಿಂಗ್ ಲ್ಯಾಪ್‌ಟಾಪ್

ಮೇ ತಿಂಗಳ ಒಂದು ರಾತ್ರಿ. ಹೊಸಪೇಟೆಯ ಬಡಾವಣೆಯೊಂದರ ಮನೆಯಲ್ಲಿ, ಹಗಲೆಲ್ಲ ಕಾದ ತಾರಸಿ ಗಂಟೆ ಹತ್ತಾದರೂ ತನ್ನ ಕಾವನ್ನು ಬಿಟ್ಟುಕೊಟ್ಟಿಲ್ಲ. ಮಹಡಿಯ ಕೋಣೆಯ ಫ್ಯಾನು ಬಿಸಿಗಾಳಿಯನ್ನೇ ಕಲಕುತ್ತಿದೆ. ಅದರ ಸದ್ದನ್ನೂ ಮೀರಿಸಿ ಮೇಜಿನ ಮೇಲಿನಿಂದ ಮತ್ತೊಂದು ಸದ್ದು ಏಳುತ್ತಿದೆ.

“ಇಷ್ಟು ಹೊತ್ತಿನಲ್ಲಿ ಮಿಕ್ಸಿ ಹಾಕಿದವರು ಯಾರೋ?” ಎಂದು ಕೆಳಗಿನಿಂದ ತಂದೆಯ ಪ್ರಶ್ನೆ.

“ಮಿಕ್ಸಿ ಅಲ್ಲಪ್ಪಾ, ಲ್ಯಾಪ್‌ಟಾಪ್,” ಎಂದು ಮೇಲಿನಿಂದ ಮಗನ ಉತ್ತರ.

“ಲಕ್ಷ ರೂಪಾಯಿ ಕೊಟ್ಟು ತಂದದ್ದಕ್ಕೆ ಈ ಗತಿಯೇ!”

ಇಂಥ ಮಾತು ಈಗ ಆ ಒಂದು ಮನೆಗೆ ಮಾತ್ರ ಸೀಮಿತವಾಗಿಲ್ಲ. ಹೊಸಪೇಟೆ, ಸಂಡೂರು, ಕಂಪ್ಲಿಗಳ ಮಧ್ಯಮ ವರ್ಗದ ಮನೆಗಳಿಗೆ ಗೇಮಿಂಗ್ ಲ್ಯಾಪ್‌ಟಾಪ್ ಕಾಲಿಟ್ಟಿದೆ. ಹೆಸರಿಗೆ ಆಟದ ಯಂತ್ರವಾದರೂ ಕಟ್ಟಡಗಳ ನಕ್ಷೆ ಬಿಡಿಸುವ, ಚಲನಚಿತ್ರ ಸಂಕಲಿಸುವ, ಎಂಜಿನಿಯರಿಂಗ್ ಓದುವ ಮಕ್ಕಳಿಗೂ ಇದೇ ಬೇಕು. ಈ ಮನೆಗೂ ಅದು ಬಂದದ್ದು ವಾಸ್ತುಶಿಲ್ಪ ಓದುವ ಮಗಳಿಗಾಗಿ, ಹದಿನೆಂಟು ತಿಂಗಳ ಕಂತಿನ ಮೇಲೆ. ರಾತ್ರಿ ಒಂಬತ್ತರ ಮೇಲೆ ಅದರ ಹಕ್ಕು ತಮ್ಮನಿಗೆ ಸೇರುವುದೆಂಬುದು ಮಕ್ಕಳಿಬ್ಬರ ನಡುವಿನ ಒಪ್ಪಂದ.

ಫೆಬ್ರವರಿಯಲ್ಲಿ ಬಂದಾಗ ಯಂತ್ರ ಕುದುರೆಯಂತೆ ಓಡಿತ್ತು. ಏಪ್ರಿಲ್ ಹೊತ್ತಿಗೆ ಅರ್ಧ ಗಂಟೆಯ ಆಟವಾದೊಡನೆ ಚಿತ್ರಗಳು ಮುಗ್ಗರಿಸತೊಡಗಿದವು. ಮೇ ತಿಂಗಳಲ್ಲಿ ಮಗಳು ಬಿಡಿಸಿದ ಮಂಟಪದ ಮಾದರಿಯನ್ನು ಪರದೆಯ ಮೇಲೆ ತಿರುಗಿಸಿ ನೋಡುವುದೂ ಪ್ರಯಾಸವಾಯಿತು. ಅಂಗಡಿಯವನು ಮೋಸಮಾಡಿದನೆಂದು ತಂದೆಯ ತೀರ್ಮಾನ. ಯಂತ್ರ ಕೆಟ್ಟಿದೆಯೆಂದು ಮಗನ ತೀರ್ಮಾನ. ತಪ್ಪು ಅಂಗಡಿಯದೂ ಅಲ್ಲ, ಯಂತ್ರದ್ದೂ ಅಲ್ಲ ಎಂಬುದು ಗೊತ್ತಾಗಲು ಮತ್ತಷ್ಟು ದಿನ ಹಿಡಿಯಿತು.

ಪೆಟ್ಟಿಗೆಯೊಳಗಿನ ಒಲೆ

ಕಚೇರಿಯ ಕಾಗದಪತ್ರಗಳಿಗೆ ಬಳಸುವ ತೆಳು ಲ್ಯಾಪ್‌ಟಾಪಿನ ಮುಖ್ಯ ಚಿಪ್‌ಗೆ ಸುಮಾರು 15 ವ್ಯಾಟ್ ವಿದ್ಯುತ್ತು ಸಾಕು. ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ ಅದಕ್ಕಿಂತ ಬಲಶಾಲಿಯಾದ ಪ್ರೊಸೆಸರ್ ಇರುವುದಲ್ಲದೆ ಚಿತ್ರ ರಚನೆಗೆಂದೇ ಗ್ರಾಫಿಕ್ಸ್ ಚಿಪ್ ಬೇರೆ ಇರುತ್ತದೆ. ಎರಡೂ ಪೂರ್ಣಶಕ್ತಿಯಿಂದ ದುಡಿಯುವಾಗ 150 ವ್ಯಾಟ್ ಮೀರುವುದು ಸಾಮಾನ್ಯ. ಇಟ್ಟಿಗೆಯಷ್ಟು ಭಾರದ ಅದರ ಅಡಾಪ್ಟರ್ ಮೇಲೆ 180, 230, ಕೆಲವೊಮ್ಮೆ 330 ವ್ಯಾಟ್ ಎಂದು ಬರೆದಿರುವುದು ಈ ಕಾರಣಕ್ಕೆ. ಈ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬೀಳಬೇಕು. ಹಳೆಯ ಕಾಲದ 60 ವ್ಯಾಟಿನ ಬಲ್ಬುಗಳನ್ನು ಮೂರರಂತೆ ಉರಿಸಿ ಒಂದಂಗುಲ ದಪ್ಪದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಏನಾದೀತೋ ಅದೇ ಇಲ್ಲಿಯ ಅವಸ್ಥೆ.

ಆ ಶಾಖವನ್ನು ಹೊರಸಾಗಿಸುವ ಉಪಾಯ ಮಾತ್ರ ಬಹು ಸೊಗಸಾದದ್ದು. ಚಿಪ್‌ಗಳ ಮೇಲಿನಿಂದ ಪೆಟ್ಟಿಗೆಯ ಅಂಚಿನವರೆಗೆ ಚಪ್ಪಟೆಯಾದ ತಾಮ್ರದ ಕೊಳವೆಗಳು ಹಾಯ್ದಿರುತ್ತವೆ. ಗಾಳಿ ತೆಗೆದ ಈ ಕೊಳವೆಯೊಳಗೆ ಒಂದಿಷ್ಟೇ ನೀರು. ಒತ್ತಡ ಕಡಿಮೆಯಿರುವುದರಿಂದ ನೀರು ಅಲ್ಪ ಶಾಖಕ್ಕೇ ಆವಿಯಾಗಿ ಇನ್ನೊಂದು ತುದಿಗೆ ಧಾವಿಸುತ್ತದೆ; ಅಲ್ಲಿ ಲೋಹದ ತೆಳು ರೆಕ್ಕೆಗಳ ನಡುವೆ ಫ್ಯಾನಿನ ಗಾಳಿಗೆ ತಣಿದು ನೀರಾಗಿ, ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಕೊಳವೆಯ ಒಳಪದರದ ಮೂಲಕ ಹಿಂದಿರುಗುತ್ತದೆ. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ 1963ರಲ್ಲಿ ರೂಪಿಸಿದ ಈ ಸಾಧನ ಮುಂದೆ ಬಾಹ್ಯಾಕಾಶ ನೌಕೆಗಳನ್ನು ಸೇರಿ, ಅಲ್ಲಿಂದ ಹೊಸಪೇಟೆಯ ಓದುಮೇಜಿಗೂ ಬಂದಿದೆ.

ಆದರೆ ಎಂಥ ಫ್ಯಾನಾದರೂ ಯಾವ ವಸ್ತುವನ್ನೂ ಸುತ್ತಣ ಗಾಳಿಗಿಂತ ತಣ್ಣಗೆ ಮಾಡಲಾರದು. ಕೋಣೆ 24 ಡಿಗ್ರಿಯಿದ್ದಾಗ 84ಕ್ಕೆ ಏರುವ ಚಿಪ್, ಅದೇ ಕೆಲಸವನ್ನು 40 ಡಿಗ್ರಿಯ ಕೋಣೆಯಲ್ಲಿ ಮಾಡಿದರೆ ಸುಮಾರು 100ಕ್ಕೆ ಏರಬೇಕಾಗುತ್ತದೆ. ಬಹುಪಾಲು ಚಿಪ್‌ಗಳ ಎಲ್ಲೆಯೂ ಅಲ್ಲಿಯೇ. ಎಲ್ಲೆ ಮುಟ್ಟಿದೊಡನೆ ಸುಟ್ಟುಹೋಗುವ ಬದಲು ಯಂತ್ರ ತಾನೇ ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಸುಡುಬಿಸಿಲಿನಲ್ಲಿ ಎತ್ತು ಹೆಜ್ಜೆ ನಿಧಾನಮಾಡುವುದಿಲ್ಲವೆ? ಇದೂ ಹಾಗೆಯೇ.

ಈ ಸಂಗತಿಯನ್ನು ತಯಾರಕರು ಮುಚ್ಚಿಟ್ಟಿರುವರೆಂದು ಹೇಳುವಂತಿಲ್ಲ. ಅನೇಕ ಲ್ಯಾಪ್‌ಟಾಪುಗಳ ಕೈಪಿಡಿಯ ಕೊನೆಯಲ್ಲಿ, ಯಾರೂ ಓದದ ಕಿರಿ ಅಕ್ಷರಗಳಲ್ಲಿ, ಯಂತ್ರವನ್ನು 35 ಡಿಗ್ರಿಯವರೆಗಿನ ಉಷ್ಣತೆಯಲ್ಲಿ ಬಳಸತಕ್ಕದ್ದೆಂದು ಸೂಚಿಸಿರುತ್ತದೆ. ಈ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳು ನೆರಳಿನಲ್ಲೇ 40ರ ಆಸುಪಾಸು! ಹೊಸಪೇಟೆ, ಹಂಪಿಗಳು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿ ಸಂಡೂರು, ಕಂಪ್ಲಿಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದಿವೆ. ಬಿಸಿಲಿಗೆ ಮಾತ್ರ ಆ ಗಡಿ ಗೊತ್ತಿಲ್ಲ.

ಚಿಪ್‌ಗಳ ಉಷ್ಣತೆಯನ್ನು ತೋರಿಸುವ ಉಚಿತ ತಂತ್ರಾಂಶವೊಂದನ್ನು ಹಾಕಿಕೊಂಡ ಮಗಳು ಒಂದು ವಾರ ನೋಟುಪುಸ್ತಕದಲ್ಲಿ ಅಂಕಿ ಬರೆದಿಟ್ಟಳು. ಮಹಡಿಯ ಕೋಣೆಯಲ್ಲಿ ರಾತ್ರಿ ಹತ್ತಕ್ಕೆ ಒಂದು ಲೆಕ್ಕ, ಕೆಳಗಿನ ನಡುಮನೆಯಲ್ಲಿ ಬೆಳಗಿನ ಐದಕ್ಕೆ ಇನ್ನೊಂದು ಲೆಕ್ಕ. ಎರಡನ್ನೂ ಪಕ್ಕಪಕ್ಕದಲ್ಲಿ ಕಂಡ ಮೇಲೆ ತಂದೆ ಅಂಗಡಿಗೆ ಹೋಗುವ ಮಾತನ್ನು ಎತ್ತಲಿಲ್ಲ.

ಸಂಡೂರಿನ ಕೆಂಪು

ಅದೇ ಬೇಸಗೆಯಲ್ಲಿ ಸಂಡೂರಿನಿಂದ ಸೋದರಮಾವ ಬಂದರು. ಅವರ ಮಗನದೂ ಇಂಥದೇ ಯಂತ್ರ, ಎರಡು ವರ್ಷ ಹಳೆಯದು. ಈಗ ಚಳಿಗಾಲದಲ್ಲೂ ಏದುಸಿರು ಬಿಡುತ್ತಿತ್ತು. ಹೊಸಪೇಟೆಯ ರಿಪೇರಿಯವನು ತಳದ ಮುಚ್ಚಳ ಬಿಚ್ಚಿದಾಗ ಫ್ಯಾನು ಮೇಲುನೋಟಕ್ಕೆ ಚೊಕ್ಕಟವಾಗಿಯೇ ಕಂಡಿತು. ಫ್ಯಾನನ್ನು ಎತ್ತಿದ ಮೇಲೆ ನಿಜ ಬಯಲಾಯಿತು: ಅದಕ್ಕೂ ಲೋಹದ ರೆಕ್ಕೆಗಳಿಗೂ ನಡುವೆ ಕೆಂಪು ಕಂಬಳಿಯ ತುಂಡಿನಂತೆ ಧೂಳು ಮೆತ್ತಿಕೊಂಡಿತ್ತು.

ಕಬ್ಬಿಣದ ಅದುರಿನ ನಾಡಿಗೆ ಕೆಂಧೂಳು ಹೊಸದಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ತಡೆದು, ಮುಂದೆ ಮಿತಿಗಳೊಡನೆ ಮರಳಿ ಅನುಮತಿಸಿದ ಕಥೆ ಎಲ್ಲರಿಗೂ ಗೊತ್ತು. ಲಾರಿ ಓಡಾಡುವ ರಸ್ತೆಯ ಬದಿಯ ಮನೆಗಳಲ್ಲಿ ಧೂಳು ಒರೆಸುವುದು ಇಂದಿಗೂ ನಿತ್ಯಕರ್ಮವೇ. ಕಿಟಕಿಯ ಸರಳನ್ನು ದಿನವೂ ಒರೆಸುವ ಗೃಹಿಣಿಗೆ, ಅದೇ ಧೂಳನ್ನು ಗಂಟೆಗಟ್ಟಲೆ ಎಳೆದುಕೊಳ್ಳುವ ಯಂತ್ರವೊಂದು ಮನೆಯಲ್ಲಿಯೇ ಇದೆಯೆಂಬುದು ಹೊಳೆಯದಿದ್ದರೆ ಆಶ್ಚರ್ಯವೇನು? ಅದು ತಳಭಾಗದ ರಂಧ್ರಗಳಿಂದ ಗಾಳಿಯನ್ನು ಹೀರುತ್ತದೆ. ಹಾಸಿಗೆಯ ಮೇಲಿಟ್ಟರೆ ಆ ರಂಧ್ರಗಳು ಮುಚ್ಚಿಹೋಗುವುದಲ್ಲದೆ, ಹತ್ತಿಯ ಎಳೆಯೂ ಧೂಳಿನೊಡನೆ ಸೇರಿ ರೆಕ್ಕೆಗಳಿಗೆ ಬಿಗಿಯಾದ ಬಿರಡೆ ಬೀಳುತ್ತದೆ.

ಇಂಥ ಊರುಗಳಲ್ಲಿ ಆರು ತಿಂಗಳಿಗೊಮ್ಮೆಯಾದರೂ ಒಳಗನ್ನು ಚೊಕ್ಕಟಮಾಡಿಸುವುದು ಮೇಲು. ಬ್ಲೋವರಿನಿಂದ ಊದುವಾಗ ಫ್ಯಾನಿನ ರೆಕ್ಕೆಯನ್ನು ಕಡ್ಡಿಯಿಂದ ತಡೆದು ಹಿಡಿಯಬೇಕು. ಗಾಳಿಯ ಹೊಡೆತಕ್ಕೆ ಅದು ಮಿತಿಮೀರಿ ತಿರುಗಿದರೆ ಕೆಡುವ ಭಯವುಂಟು. ಚಿಪ್‌ಗೂ ತಾಮ್ರಕ್ಕೂ ನಡುವೆ ಹಚ್ಚಿರುವ ಥರ್ಮಲ್ ಪೇಸ್ಟ್ ಎರಡು ಮೂರು ವರ್ಷಗಳಲ್ಲಿ ಒಣಗುವುದರಿಂದ ಅದನ್ನೂ ಬದಲಿಸಿದರೆ ಲೇಸು. ಗ್ಯಾರಂಟಿಯ ಅವಧಿ ಮುಗಿಯದಿದ್ದರೆ ಮುಚ್ಚಳ ಬಿಚ್ಚುವ ಮುನ್ನ ಕಂಪನಿಯ ಸರ್ವಿಸ್ ಸೆಂಟರನ್ನು ಕೇಳುವುದು ವಿವೇಕ. ಮಾವನ ಮನೆಯ ಯಂತ್ರಕ್ಕೆ ಧೂಳು ತೆಗೆದು ಹೊಸ ಪೇಸ್ಟ್ ಹಚ್ಚಿದ ಮೇಲೆ ಹೊಸ ಯಂತ್ರ ಕೊಳ್ಳುವ ಯೋಚನೆ ಒಂದೆರಡು ವರ್ಷ ಮುಂದಕ್ಕೆ ಹೋಯಿತು. ಆ ಉಳಿತಾಯವನ್ನು ಅವರು ಎಲ್ಲರೆದುರು ಎರಡು ಸಲ ಲೆಕ್ಕಹಾಕಿ ತೋರಿಸಿದರು.

ಒಂದೇ ಹೆಸರು, ಬೇರೆ ಬಲ

ಮಗಳ ಸಹಪಾಠಿಯೊಬ್ಬಳ ಮನೆ ಕಂಪ್ಲಿಯಲ್ಲಿ. ಗದ್ದೆಗಳ ಸೀಮೆಯಾದ್ದರಿಂದ ಅಕ್ಕಿ ಗಿರಣಿಯ ಹೊಟ್ಟಿನ ಧೂಳು ಅಲ್ಲಿಯ ಪಾಲಿಗೆ. ಆದರೆ ಆಕೆಯ ದೂರು ಬೇರೆ. ಇಬ್ಬರ ಯಂತ್ರದಲ್ಲೂ ಇರುವ ಗ್ರಾಫಿಕ್ಸ್ ಚಿಪ್ ಒಂದೇ ಹೆಸರಿನದು. ಆಕೆಯದು ಹತ್ತು ಸಾವಿರ ಅಗ್ಗ. ಹಾಗಿದ್ದೂ ಒಂದೇ ನಕ್ಷೆಗೆ ಆಕೆಯ ಯಂತ್ರ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿತ್ತು.

ಕೊಳ್ಳುವವರು ಸಾಮಾನ್ಯವಾಗಿ ಎಡವುವ ಸ್ಥಳವಿದು. ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4060 ಎಂಬ ಲ್ಯಾಪ್‌ಟಾಪ್ ಚಿಪ್‌ಗೆ 35 ವ್ಯಾಟಿನಿಂದ 115 ವ್ಯಾಟಿನವರೆಗೆ ಎಷ್ಟು ಬೇಕಾದರೂ ವಿದ್ಯುತ್ತು ಕೊಡುವ ಸ್ವಾತಂತ್ರ್ಯ ಲ್ಯಾಪ್‌ಟಾಪ್ ತಯಾರಕರಿಗಿದೆ. ಹೆಸರೊಂದೇ ಆದರೂ ತೆಳು ಪೆಟ್ಟಿಗೆಯೊಳಗಿನದು ಕಡಿಮೆ ಉಂಡು ಕಡಿಮೆ ದುಡಿಯುತ್ತದೆ. ಆಕೆಯ ಯಂತ್ರದಲ್ಲಿ ಇನ್ನೊಂದು ಕೊರತೆಯೂ ಇತ್ತು: ಮೆಮೊರಿಯ ಎರಡು ಸ್ಥಾನಗಳಲ್ಲಿ ಒಂದು ಖಾಲಿ. ಎರಡು ಪಟ್ಟಿಗಳಿದ್ದಾಗ ಮಾಹಿತಿ ಎರಡು ಬಾಗಿಲುಗಳಿಂದ ಹರಿಯುತ್ತದೆ. ಒಂದೇ ಇದ್ದರೆ ಒಂದೇ ಬಾಗಿಲಲ್ಲಿ ನೂಕುನುಗ್ಗಲು. ಕೆಲವು ಸಾವಿರ ರೂಪಾಯಿಯಲ್ಲಿ ಈ ಎರಡನೆಯ ಕೊರತೆ ನೀಗಿತು. ಮೊದಲನೆಯದಕ್ಕೆ ಮದ್ದಿಲ್ಲ, ಅಂಗಡಿಯಲ್ಲಿಯೇ “ಈ ಚಿಪ್‌ಗೆ ಎಷ್ಟು ವ್ಯಾಟ್?” ಎಂದು ಕೇಳಿದ್ದರೆ ಆಗುತ್ತಿತ್ತು.

ಕರೆಂಟು ಹೋದಾಗ ಇಂಥ ಯಂತ್ರ ಹೆಚ್ಚು ಹೊತ್ತು ಕೈಹಿಡಿಯದು. ವಿಮಾನದಲ್ಲಿ ಒಯ್ಯುವ ಬ್ಯಾಟರಿಗೆ ಸಾಮಾನ್ಯವಾಗಿ 100 ವ್ಯಾಟ್-ಗಂಟೆಯ ಮಿತಿಯಿರುವುದರಿಂದ ಲ್ಯಾಪ್‌ಟಾಪಿನ ಬ್ಯಾಟರಿಗಳು ಅದರೊಳಗೇ ಇರುತ್ತವೆ. ಅಷ್ಟನ್ನು ಕಾಯ್ದುಕೊಳ್ಳಲು ಯಂತ್ರ ವೇಗವನ್ನು ಇಳಿಸಿದರೂ ಆಟ ಒಂದು ಗಂಟೆ ನಡೆದರೆ ಹೆಚ್ಚು. ಲೋಹದ ಮೈಯನ್ನು ಮುಟ್ಟಿದಾಗ ಬೆರಳು ಜುಮ್ಮೆನ್ನುವುದೆಂದು ಕಂಪ್ಲಿಯ ಮನೆಯವರು ಗಾಬರಿಗೊಂಡದ್ದೂ ಉಂಟು. ಮೂರು ಕಡ್ಡಿಯ ಪ್ಲಗ್ಗನ್ನು ಎರಡು ಕಡ್ಡಿಯದಕ್ಕೆ ಸಿಕ್ಕಿಸಿದ್ದೇ ಅದರ ಕಾರಣ. ಸರಿಯಾದ ಅರ್ಥಿಂಗ್ ಇರುವ ಸಾಕೆಟ್ಟಿಗೆ ಬದಲಿಸಿದೊಡನೆ ಜುಮ್ಮೆನ್ನುವುದು ನಿಂತಿತು.

ಗೋಪುರದ ನೆರಳು

ಉಳಿದದ್ದು ಪರದೆ. ಅದರ ಪರೀಕ್ಷೆಯಾದದ್ದು ಹಂಪಿಯಲ್ಲಿ.

ಮಂಟಪವೊಂದರ ಅಳತೆ ತೆಗೆಯಲು ಸಹಪಾಠಿಗಳೊಡನೆ ಹೇಮಕೂಟಕ್ಕೆ ಹೋದ ಮಗಳು, ಬಂಡೆಯ ಮೇಲೆ ಕುಳಿತು ಲ್ಯಾಪ್‌ಟಾಪ್ ತೆರೆದಳು. ಪರದೆಯಲ್ಲಿ ಕಂಡದ್ದು ಅವಳ ಮುಖ, ಹಿಂದಿನ ಆಕಾಶ. ನಕ್ಷೆ ಎಲ್ಲಿಯೂ ಇಲ್ಲ. ಪರದೆಯ ಬೆಳಕನ್ನು ನಿಟ್ ಎಂಬ ಮಾನದಿಂದ ಅಳೆಯುತ್ತಾರೆ. ಅಗ್ಗದ ಗೇಮಿಂಗ್ ಲ್ಯಾಪ್‌ಟಾಪಿನದು 250ರಿಂದ 300 ನಿಟ್. ನಡುಹಗಲಿನ ಬಿಸಿಲಿಗೆ ಹಿಡಿದ ಬಿಳಿಯ ಕಾಗದ 25 ಸಾವಿರ ನಿಟ್ ಮೀರಿ ಬೆಳಗುತ್ತದೆ. ಇನ್ನು ಪೈಪೋಟಿಯೆಲ್ಲಿ ಬಂತು?

ಬೆಟ್ಟವಿಳಿದು ವಿರೂಪಾಕ್ಷನ ದರ್ಶನ ಮಾಡಿ, ಗುಡಿಯ ಹಿಂಬದಿಯ ಕತ್ತಲ ಕೋಣೆಗೆ ಬಂದಾಗ ಅವಳಿಗೆ ಉತ್ತರ ಸಿಕ್ಕಿತು. ಕಿರುಗಂಡಿಯೊಂದರಿಂದ ಹಾಯುವ ಬೆಳಕು ರಾಜಗೋಪುರದ ಬಿಂಬವನ್ನು ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುವ ಸೋಜಿಗವನ್ನು ಹಂಪಿಗೆ ಹೋದವರೆಲ್ಲ ನೋಡಿದ್ದಾರೆ. ಆ ಬಿಂಬದ ಬೆಳಕು ಲ್ಯಾಪ್‌ಟಾಪಿನದಕ್ಕಿಂತ ಎಷ್ಟೋ ಮಂದ. ಆದರೂ ಕಣ್ಣಿಗೆ ಕಟ್ಟುವಂತೆ ಕಾಣುವುದು ಸುತ್ತಲೂ ಕತ್ತಲಿರುವುದರಿಂದ. ಮರುದಿನ ಅವಳು ಅಳತೆಗಳನ್ನು ಕಾಗದದ ಮೇಲೆ ಬರೆದುಕೊಂಡು, ಯಂತ್ರವನ್ನು ಸಾಲುಮಂಟಪದ ಒಳಗಿನ ನೆರಳಿನಲ್ಲಿ ಮಾತ್ರ ತೆರೆದಳು.

ಬಣ್ಣದ ವಿಷಯದಲ್ಲಿ ನಿರಾಸೆ ಅಷ್ಟು ಸುಲಭವಾಗಿ ತೀರಲಿಲ್ಲ. ಸಂಜೆಯ ಬಿಸಿಲಿಗೆ ಹೊನ್ನಿನಂತೆ ಹೊಳೆವ ಹಂಪಿಯ ಕಲ್ಲು ಪರದೆಯ ಮೇಲೆ ಬೂದಿ ಬಳಿದಂತೆ ಕಂಡಿತು. ಕಡಿಮೆ ಬೆಲೆಯ ಪರದೆಗಳು ತೋರಬೇಕಾದ ಬಣ್ಣಗಳಲ್ಲಿ ಮೂರನೆಯ ಒಂದು ಭಾಗಕ್ಕೂ ಮಿಕ್ಕಷ್ಟನ್ನು ತೋರಲಾರವು. ವಿವರಪಟ್ಟಿಯಲ್ಲಿ “45 ಶೇಕಡಾ ಎನ್‌ಟಿಎಸ್‌ಸಿ” ಎಂದಿದ್ದರೆ ಅದೇ ಗುರುತು. ಚಿತ್ರ, ವಿನ್ಯಾಸಗಳ ಕೆಲಸ ಮಾಡುವವರು “100 ಶೇಕಡಾ ಎಸ್‌ಆರ್‌ಜಿಬಿ” ಎಂಬ ಮಾತನ್ನು ಹುಡುಕಬೇಕು. ಅಂಗಡಿಯವರು ಹೆಮ್ಮೆಯಿಂದ ಹೇಳುವುದು 144 ಹರ್ಟ್ಜ್ ಎಂಬ ಸಂಖ್ಯೆಯನ್ನು. ಪರದೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸಬಲ್ಲದೆಂದು ಅದರ ಅರ್ಥ. ಓಟದ ಆಟಗಳಲ್ಲಿ ಕಣ್ಣಿಗೆ ಹಿತವೇ ಸರಿ. ಆದರೆ ಸೆಕೆಗೆ ಬಳಲಿದ ಯಂತ್ರ ಸೆಕೆಂಡಿಗೆ 50 ಚಿತ್ರಗಳನ್ನಷ್ಟೇ ರಚಿಸುತ್ತಿದ್ದರೆ ಉಳಿದ ಸಾಮರ್ಥ್ಯ ಬರಿದೇ.

ಇದೇ ಹಂಪಿಯನ್ನು ಗಣಕದೊಳಗೆ ಮರುರೂಪಿಸುವ ಕಾರ್ಯವನ್ನು ವಿದ್ವಾಂಸರೂ ಕೈಗೊಂಡಿದ್ದಾರೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವಿನ ಯೋಜನೆಯ ಫಲಗಳು “ಡಿಜಿಟಲ್ ಹಂಪಿ” ಎಂಬ ಇಂಗ್ಲಿಷ್ ಗ್ರಂಥವಾಗಿ 2017ರಲ್ಲಿ ಹೊರಬಂದಿವೆ. ಅವಳಿಗೆ ಈ ಯಂತ್ರ ಬೇಕಾದದ್ದು ಅಂಥ ಕೆಲಸದ ಕನಸಿನಿಂದ.

ಈಗ ಆ ಮನೆಯಲ್ಲಿ ಲ್ಯಾಪ್‌ಟಾಪ್ ಮಹಡಿಯಿಂದಿಳಿದು ನಡುಮನೆಯ ಮೇಜಿಗೆ ಬಂದಿದೆ. ಹಿಂಬದಿಯ ಕೆಳಗೆ ಬಡಗಿ ಕೊಟ್ಟ ಎರಡು ಮರದ ತುಂಡುಗಳು ಅದನ್ನು ಒಂದಂಗುಲ ಎತ್ತಿ ಹಿಡಿದಿವೆ. ಆಟದ ಚಿತ್ರಗಳು ಸೆಕೆಂಡಿಗೆ 60ನ್ನು ಮೀರದಂತೆ ಮಗಳು ಕಟ್ಟುಹಾಕಿದ್ದಾಳೆ. ಫ್ಯಾನಿನ ಆರ್ಭಟ ಅರ್ಧಕ್ಕಿಳಿದಿದೆ. ನೀರಿನ ಕೂಲರ್ ಕೋಣೆಯನ್ನು ತಂಪುಮಾಡುತ್ತದೆ, ಆದರೆ ಅದರ ತೇವದ ಗಾಳಿ ನೇರವಾಗಿ ಯಂತ್ರಕ್ಕೆ ಬಡಿಯದಂತೆ ಮುಖ ತಿರುಗಿಸಿಡಲಾಗಿದೆ. ಕಂತುಗಳು ಇನ್ನೂ ಹದಿಮೂರು ಉಳಿದಿವೆ.

ಮಗ ಮಾತ್ರ ತಂಪು ಹೊತ್ತನ್ನು ಹುಡುಕಿಕೊಂಡು ಬೆಳಗಿನ ಐದಕ್ಕೇ ಏಳುತ್ತಿದ್ದಾನೆ. ತಾಯಿ ಅದನ್ನು ನೆರೆಮನೆಯವರಿಗೆಲ್ಲ ಹೆಮ್ಮೆಯಿಂದ ಹೇಳಿದ್ದಾರೆ. ಏಕೆ ಏಳುತ್ತಾನೆಂಬುದನ್ನು ಹೇಳಿಲ್ಲ.